ಸ್ಕೂಲ್ ಅನಿಮೆ ಶುರು ಮಾಡುವುದು ಹೇಗೆ, ಬಿಡುವುದು ಯಾವಾಗ

"ಇಪ್ಪತ್ತು ನಿಮಿಷ ನೋಡಿದೆ ಮಾರಾಯ, ಏನೂ ಆಗಲೇ ಇಲ್ಲ." ಸ್ಕೂಲ್ ಸ್ಲೈಸ್ ಆಫ್ ಲೈಫ್ ಅನಿಮೆಯನ್ನು, ಅಂದರೆ ಶಾಲೆಯ ದಿನನಿತ್ಯದ ಬದುಕನ್ನಷ್ಟೇ ತೋರಿಸುವ ಜಪಾನಿ ಕಾರ್ಟೂನ್ ಸರಣಿಯನ್ನು, ಯಾರಿಗಾದರೂ ನೋಡಲು ಹೇಳಿದರೆ ಮರುದಿನ ಬರುವ ದೂರು ಇದೇ. ದೂರು ಸುಳ್ಳೇನಲ್ಲ. ನಿಜವಾಗಿಯೂ ಏನೂ ಆಗಿರುವುದಿಲ್ಲ. ನಾಲ್ಕು ಹುಡುಗಿಯರು ಟೀ ಕುಡಿದಿರುತ್ತಾರೆ, ಒಬ್ಬಳು ಇನ್ನೊಬ್ಬಳ ತಲೆಗೆ ಮೊಟಕಿರುತ್ತಾಳೆ, ಅಷ್ಟೇ. ನರುಟೊ, ಅಟ್ಯಾಕ್ ಆನ್ ಟೈಟನ್ ಇಂಥ ಹೊಡೆದಾಟದ ಸರಣಿಗಳನ್ನೇ ನೋಡಿ ಅಭ್ಯಾಸ ಆದವರು 'ಮುಂದೇನು, ಮುಂದೇನು' ಅಂತ ಕಾದು ಕೂರುತ್ತಾರೆ. ಆ ಮುಂದೇನು ಬರುವುದೇ ಇಲ್ಲ. ಆಮೇಲೆ ಬೇಜಾರಾಗಿ ಆಫ್ ಮಾಡಿ, ಈ ಜಾತಿಯ ಅನಿಮೆಯೇ ನಮಗೆ ಆಗಿಬರಲ್ಲ ಅಂತ ತೀರ್ಮಾನಿಸಿಬಿಡುತ್ತಾರೆ.

ಇಂಥ ಸರಣಿಯ ಮೊದಲ ಎಪಿಸೋಡ್‌ಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಈ ಜನರ ಜೊತೆ, ಆ ರೂಮಿನಲ್ಲಿ, ಸುಮ್ನೆ ಕೂತಿರಲು ನನಗೆ ಇಷ್ಟವೇ? ಇದಕ್ಕೆ ಉತ್ತರ ಸಿಗುವ ಹಾಗೆ ಎಪಿಸೋಡ್ ನೋಡುವುದು ಹೇಗೆ, ಯಾವಾಗ ಮುಂದುವರಿಸಬೇಕು, ಯಾವಾಗ ಮುಲಾಜಿಲ್ಲದೆ ಬಿಡಬೇಕು, ನೋಡಿದ್ದರ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದರೆ ಏನು ಬರೆಯಬೇಕು, ಇಷ್ಟನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಮುಖ್ಯವಾಗಿ ಕೆ-ಆನ್ ಇಟ್ಟುಕೊಂಡಿದ್ದೇನೆ. 2009ರ ಏಪ್ರಿಲ್‌ನಲ್ಲಿ ಜಪಾನಿನ ಟಿವಿಯಲ್ಲಿ ಶುರುವಾಯಿತು, ಕ್ಯೋಟೊ ಅನಿಮೇಷನ್ ಸ್ಟುಡಿಯೋ ಮಾಡಿದ್ದು, ನಿರ್ದೇಶಕಿ ನಾವೊಕೊ ಯಾಮಾದಾ. ಹಳೆಯದಾಯಿತು, ನಿಜ. ಆದರೆ ಈಗ ಬರುವ ಎಷ್ಟೋ ಸ್ಕೂಲ್ ಸರಣಿಗಳ ಅಚ್ಚು ಇದರಲ್ಲೇ ಕಾಣುತ್ತದೆ, ಕಲಿಯುವುದಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ.

ನೋಡುವ ಮುಂಚೆ

ಮೊದಲು, ನಿಮ್ಮ ಸ್ವಭಾವಕ್ಕೆ ಹೊಂದುವ ಒಂದನ್ನು ಆರಿಸಿ. ಒಂದೇ ಒಂದು. ಗೆಳೆಯರ ಹರಟೆ, ಸ್ವಲ್ಪ ಸಂಗೀತ ಸಾಕು ಅನ್ನುವವರಿಗೆ ಕೆ-ಆನ್. ತಲೆಬುಡ ಇಲ್ಲದ ಹುಚ್ಚು ಕಾಮಿಡಿ ಬೇಕಿದ್ದರೆ 2011ರ ನಿಚಿಜೋ, ಅದರಲ್ಲಿ ಬೆನ್ನಿಗೆ ಚಾವಿ ಇರುವ ರೋಬೋ ಹುಡುಗಿ ಇದ್ದಾಳೆ, ಅವಳನ್ನು ತಯಾರಿಸಿದ ಪ್ರೊಫೆಸರ್‌ಗೆ ವಯಸ್ಸು 8. ಏನಾದರೊಂದು ಗಂಟು ಬಿಡಿಸದೆ ಇದ್ದರೆ ನಿದ್ದೆ ಬರಲ್ಲ ಅನ್ನುವವರು 2012ರ ಹ್ಯೋಕಾದಿಂದ ಶುರು ಮಾಡಲಿ. ಅಲ್ಲಿ ಕೊಲೆ ಗಿಲೆ ಏನಿಲ್ಲ, ಬೀಗ ಹಾಕಿದ ರೂಮಿನೊಳಗೆ ಹುಡುಗಿ ಹೇಗೆ ಉಳಿದಳು ಎಂಬಂಥ ಪುಟ್ಟ ಪುಟ್ಟ ಪ್ರಶ್ನೆಗಳು, ಅವುಗಳ ಹಿಂದೆ ಬೀಳುವ ಒಬ್ಬ ಸೋಮಾರಿ ಹುಡುಗ. ಆಫೀಸಿನಿಂದ ತಲೆ ಬಿಸಿಯಾಗಿ ಬಂದು ಏನೂ ಯೋಚಿಸಬಾರದು ಅನ್ನುವವರಿಗೆ 2013ರ ನೊನ್ ನೊನ್ ಬಿಯೊರಿ. ಅದರ ವಿಷಯ ಆಮೇಲೆ.

ಸ್ಪೀಡ್ ಒಂದರಲ್ಲೇ ಇರಲಿ. 1.5ಕ್ಕೆ ಏರಿಸಿ ನೋಡುವ ಚಟ ಇದ್ದವರು ದಯವಿಟ್ಟು ಇದೊಂದಕ್ಕೆ ಇಳಿಸಿ. ಈ ಸರಣಿಗಳಲ್ಲಿ ನಗು ಇರುವುದು ಮಾತಿನಲ್ಲಿ ಕಡಿಮೆ, ಒಂದು ಮಾತಿಗೂ ಇನ್ನೊಂದು ಮಾತಿಗೂ ಮಧ್ಯೆ ಬಿಟ್ಟ ಜಾಗದಲ್ಲಿ ಜಾಸ್ತಿ. ಒಬ್ಬಳು ಏನೋ ಪೆದ್ದು ಮಾತಾಡುತ್ತಾಳೆ, ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ, ಹಿನ್ನೆಲೆಯಲ್ಲಿ ಕಾಗೆ ಕೂಗುತ್ತದೆ. ಆ ಕ್ಷಣವನ್ನು ಓಡಿಸಿದರೆ ಜೋಕ್ ಹೋಯಿತು. ಮೊಬೈಲ್ ಕೂಡ ದೂರ ಇಡಿ. ಕತೆ ಗಟ್ಟಿಯಾಗಿರುವ ಸರಣಿಯಲ್ಲಿ ಐದು ನಿಮಿಷ ಮೊಬೈಲ್ ನೋಡಿದರೂ ಆಮೇಲೆ ಯಾರಾದರೂ ಪಾತ್ರ ಅದನ್ನೇ ಮತ್ತೆ ಹೇಳಿ ನಿಮ್ಮನ್ನು ದಡ ಸೇರಿಸುತ್ತದೆ, ಇಲ್ಲಿ ಹಾಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಹೇಳುವಂಥದ್ದು ಏನೂ ಆಗಿಲ್ಲವಲ್ಲ.

ಶುರುವಿನ ಹಾಡು, ಕೊನೆಯ ಹಾಡು ತಲಾ ಒಂದೂವರೆ ನಿಮಿಷ. ಮೊದಲ ಸಲ ಎರಡನ್ನೂ ಪೂರ್ತಿ ನೋಡಿ. ಕೆ-ಆನ್‌ನ ಕೊನೆಯ ಹಾಡಿನಲ್ಲಿ ಈ ಹುಡುಗಿಯರು ದೊಡ್ಡ ಪ್ರೊಫೆಷನಲ್ ಬ್ಯಾಂಡಿನವರ ಥರ ಮಿಂಚುತ್ತಾರೆ, ಅದಕ್ಕೆ ಎರಡು ನಿಮಿಷ ಮುಂಚೆ ಅದೇ ಹುಡುಗಿಯರಿಗೆ ಒಂದು ಹಾಡು ನೆಟ್ಟಗೆ ಬಾರಿಸಲು ಬಂದಿರುವುದಿಲ್ಲ. ಆ ಎರಡರ ನಡುವಿನ ಅಂತರವೇ ಸರಣಿಯ ದೊಡ್ಡ ತಮಾಷೆ.

ಆಡಿಯೋ ಜಪಾನಿ, ಸಬ್‌ಟೈಟಲ್ ಇಂಗ್ಲಿಷ್. ಈಚೆಗೆ ಕೆಲವು ಸರಣಿಗಳಿಗೆ ಹಿಂದಿ, ತಮಿಳು, ತೆಲುಗು ಡಬ್ ಸಿಗುತ್ತದೆ, ಫೈಟಿಂಗ್ ಸರಣಿಗಳಿಗೆ ಅದು ನಡೆಯುತ್ತದೆ. ಇಲ್ಲಿ ಮಾತ್ರ ದನಿಯೇ ಅರ್ಧ ನಟನೆ. ಯಾರು ಯಾರನ್ನು ಮನೆತನದ ಹೆಸರಿನಿಂದ ಕರೆಯುತ್ತಾರೆ, ಯಾರು ಸ್ವಂತ ಹೆಸರಿನಿಂದ ಕರೆಯುತ್ತಾರೆ, ಯಾವ ದಿನದಿಂದ ಹೆಸರಿನ ಕೊನೆಯ ಗೌರವದ 'ಸಾನ್' ಹೋಗಿ ಸಲಿಗೆಯ 'ಚಾನ್' ಬಂತು, ಇದನ್ನೆಲ್ಲ ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ನುಂಗಿಬಿಡುತ್ತದೆ. ಕಣ್ಣಿಗೆ ಸಿಗಲ್ಲ, ಕಿವಿ ಕೊಟ್ಟರೆ ಸಿಗುತ್ತದೆ.

ಅಲ್ಲಿಯ ಶಾಲೆ ಸ್ವಲ್ಪ ಗೊತ್ತಿರಲಿ

ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ಹೈಸ್ಕೂಲ್ ಮೂರು ವರ್ಷ, ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಎರಡು ವರ್ಷ ಪಿಯುಸಿ. ಅಲ್ಲಿ ಹೈಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಹಾಗಾಗಿ ಮೊದಲ ದಿನ ಎಲ್ಲರೂ ಹೊಸಬರು, ಹಳೆಯ ಗೆಳೆಯರು ಬೇರೆ ಬೇರೆ ಶಾಲೆಗೆ ಚದುರಿರುತ್ತಾರೆ. ಎಷ್ಟೊಂದು ಸರಣಿಗಳು ಚೆರ್ರಿ ಹೂವು ಉದುರುವ ಬೀದಿಯಿಂದ ಶುರುವಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಹೂವು ಚಂದಕ್ಕೂ ಹೌದು. ಆದರೆ ಏಪ್ರಿಲ್ ಬಂತು, ಯಾರಿಗೂ ಯಾರ ಪರಿಚಯವೂ ಇಲ್ಲ ಅಂತ ಹೇಳುವ ಗಡಿಯಾರವೂ ಅದೇ.

ಹಾಗೆಯೇ ಸಮವಸ್ತ್ರ. ಜೂನ್‌ನಲ್ಲಿ ಬೇಸಿಗೆಯ ಅರ್ಧ ತೋಳಿನದು ಬರುತ್ತದೆ, ಅಕ್ಟೋಬರ್‌ನಲ್ಲಿ ಮತ್ತೆ ಕೋಟು. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ರಜೆ, ಹೆಚ್ಚಾಗಿ ಶರತ್ಕಾಲದಲ್ಲಿ ಶಾಲೆಯ ಸಾಂಸ್ಕೃತಿಕ ಹಬ್ಬ, ಎರಡನೇ ವರ್ಷದಲ್ಲಿ ಸಾಮಾನ್ಯವಾಗಿ ಪ್ರವಾಸ, ಮಾರ್ಚ್‌ನಲ್ಲಿ ಬೀಳ್ಕೊಡುಗೆ. ಈ ಸರಣಿಗಳಲ್ಲಿ ಕತೆ ಇಲ್ಲ ಅಂತಾರಲ್ಲ, ಈ ಕ್ಯಾಲೆಂಡರೇ ಕತೆ. ಯಾರೂ "ಮೂರು ತಿಂಗಳ ನಂತರ" ಅಂತ ಬೋರ್ಡ್ ಹಾಕುವುದಿಲ್ಲ, ಹುಡುಗಿಯ ತೋಳು ನೋಡಿ ನೀವೇ ತಿಂಗಳು ತಿಳಿಯಬೇಕು.

ಇನ್ನು ಬಾಗಿಲಲ್ಲಿ ಶೂ ಇಡುವ ಕಪಾಟು, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ, ಮಕ್ಕಳೇ ಕಸ ಗುಡಿಸಿ ನೆಲ ಒರೆಸುವುದು, ಮಕ್ಕಳು ಕೂತಲ್ಲೇ ಕೂತು ಮೇಷ್ಟ್ರುಗಳು ಬದಲಾಗುವುದು. ಇವೆಲ್ಲ ಎರಡು ಎಪಿಸೋಡ್ ನೋಡಿದರೆ ತಾನಾಗಿ ಅಭ್ಯಾಸವಾಗುತ್ತದೆ. ಕ್ಲಬ್ ವಿಷಯ ಮಾತ್ರ ಮೊದಲೇ ತಿಳಿದಿರಲಿ. ಪಾಠ ಮುಗಿದ ಮೇಲೆ ಸಂಜೆ ಬಹುಪಾಲು ಮಕ್ಕಳು ಯಾವುದಾದರೂ ಕ್ಲಬ್‌ಗೆ ಹೋಗುತ್ತಾರೆ, ಅದು ನಮ್ಮಲ್ಲಿಯ ಹಾಗೆ ವರ್ಷಕ್ಕೊಮ್ಮೆ ಸ್ಕೂಲ್ ಡೇ ಬಂದಾಗ ನೆನಪಾಗುವ ಸಂಗತಿಯಲ್ಲ, ದಿನಾ ಇರುವಂಥದ್ದು, ಅದಕ್ಕೆ ರೂಮು ಇರುತ್ತದೆ, ಸೀನಿಯರ್ ಇರುತ್ತಾರೆ, ಸೇರಲು ಅರ್ಜಿ ಬರೆದು ಕೊಡಬೇಕು. ಸದಸ್ಯರು ಸಾಲದಿದ್ದರೆ ಕ್ಲಬ್ ಮುಚ್ಚುತ್ತದೆ. ಲೆಕ್ಕವಿಲ್ಲದಷ್ಟು ಸರಣಿಗಳ ಮೊದಲ ಎಪಿಸೋಡ್ ನಿಂತಿರುವುದು ಈ ಒಂದು ಭಯದ ಮೇಲೆ.

ಕೆ-ಆನ್ ಮೊದಲ ಎಪಿಸೋಡ್, ಹತ್ತಿರದಿಂದ

ಯೂಯಿ ಹಿರಾಸಾವಾ ಎಂಬ ಹುಡುಗಿ ತಡವಾಯಿತು ಅಂತ ಎದ್ದು, ಬಾಯಲ್ಲಿ ಬ್ರೆಡ್ ಕಚ್ಚಿಕೊಂಡು ಓಡುತ್ತಾಳೆ. ಬಾಯಲ್ಲಿ ಬ್ರೆಡ್ ಕಚ್ಚಿ ಓಡುವುದು ಅನಿಮೆಯಲ್ಲಿ ಸವೆದು ಹೋದ ದೃಶ್ಯ, ಅದು ಮಾಡಿದವರಿಗೂ ಗೊತ್ತು. ನೀವು ನೋಡಬೇಕಾದದ್ದು ಅವಳು ಎಷ್ಟು ಸಲ ನಿಲ್ಲುತ್ತಾಳೆ ಅನ್ನುವುದನ್ನು. ತಡವಾಗಿದೆ ಅಂತ ಓಡುತ್ತಿರುವವಳು ದಾರಿಯಲ್ಲಿ ಬೆಕ್ಕು ಕಂಡರೆ ನಿಲ್ಲುತ್ತಾಳೆ. ಇಡೀ ಪಾತ್ರ ಅಲ್ಲೇ ಮುಗಿಯಿತು: ಒಂದು ಕೆಲಸ ಹಿಡಿದರೆ ಇನ್ನೊಂದು ಮರೆಯುವವಳು, ಕಂಡದ್ದೆಲ್ಲ ಚಂದ ಅನ್ನುವವಳು. ಒಂದೇ ಒಂದು ಸಾಲು ವಿವರಣೆ ಇಲ್ಲ. ಈ ಓಟವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, 12ನೇ ಎಪಿಸೋಡಿನಲ್ಲಿ ಕೆಲಸಕ್ಕೆ ಬರುತ್ತದೆ, ಇದಕ್ಕಿಂತ ಜಾಸ್ತಿ ಹೇಳಲ್ಲ.

ಶಾಲೆ ಶುರುವಾಗಿ ಎರಡು ವಾರ ಕಳೆದರೂ ಯೂಯಿ ಯಾವ ಕ್ಲಬ್ಬಿಗೂ ಸೇರಿಲ್ಲ. ಹೀಗೇ ಇದ್ದರೆ ಮುಂದೆ ಕೆಲಸವಿಲ್ಲದೆ ಮನೆಯಲ್ಲಿ ಬಿದ್ದಿರುವವಳಾಗುತ್ತೀಯ ಅಂತ ಬಾಲ್ಯದ ಗೆಳತಿ ಹೆದರಿಸುತ್ತಾಳೆ. ಇತ್ತ ಲಘು ಸಂಗೀತ ಕ್ಲಬ್ಬಿನಲ್ಲಿ ಹಳಬರೆಲ್ಲ ಪಾಸಾಗಿ ಹೋಗಿದ್ದಾರೆ, ನಾಲ್ಕು ಜನ ಸೇರದಿದ್ದರೆ ಬಾಗಿಲು ಮುಚ್ಚಬೇಕು. ರಿತ್ಸು ಎಂಬ ಡ್ರಮ್ ಹುಡುಗಿ ತನ್ನ ಗೆಳತಿ ಮಿಯೋಳನ್ನು ಎಳೆದು ತರುತ್ತಾಳೆ. ಮಿಯೋ ಸಾಹಿತ್ಯ ಕ್ಲಬ್‌ಗೆ ಅಂತ ಅರ್ಜಿ ಬರೆದಿದ್ದವಳು, ಆ ಅರ್ಜಿಗೆ ಏನು ಗತಿ ಆಗುತ್ತದೆ ನೋಡಿ. ಮೂರನೆಯವಳು ಮುಗಿ, ಶ್ರೀಮಂತರ ಮನೆಯ ಮಗಳು, ಹಾಡುವವರ ಕ್ಲಬ್ ಹುಡುಕಿಕೊಂಡು ಬಂದವಳು, ಇವರಿಬ್ಬರ ಜಗಳ ನೋಡಿ ಮಜಾ ಅನ್ನಿಸಿ ಇಲ್ಲೇ ಉಳಿದುಬಿಡುತ್ತಾಳೆ. ನಾಲ್ಕನೆಯವಳು ನಮ್ಮ ಯೂಯಿ. ಲಘು ಸಂಗೀತ ಅಂದರೆ ಏನೋ ಸುಲಭದ್ದು, ಪುಟ್ಟ ಮಕ್ಕಳು ಬಾರಿಸುವ ತಾಳದ ಚಿಪ್ಪಿನಂಥದ್ದು ಅಂದುಕೊಂಡು ಅರ್ಜಿ ಹಾಕಿ, ಆಮೇಲೆ ಗಿಟಾರ್ ಬಾರಿಸಬೇಕಂತೆ ಅಂತ ಗೊತ್ತಾಗಿ, ಅರ್ಜಿ ವಾಪಸ್ ತೆಗೆದುಕೊಳ್ಳಲು ಬರುತ್ತಾಳೆ. ಬಂದವಳನ್ನು ಅವರು ಬಿಡುವುದಿಲ್ಲ. ಕೂರಿಸಿ ಟೀ ಕೊಡುತ್ತಾರೆ, ಕೇಕ್ ಕೊಡುತ್ತಾರೆ. ಕೊನೆಗೆ, ಒಂದು ಹಾಡು ಬಾರಿಸುತ್ತೇವೆ ಕೇಳಿ ಹೋಗು ಅನ್ನುತ್ತಾರೆ.

ಬಾರಿಸುತ್ತಾರೆ. ಕೇಳಿದ ಯೂಯಿ ಕಣ್ಣರಳಿಸಿ ಹೇಳುವುದು ಇಷ್ಟು: ನೀವು ಅಂಥ ಚೆನ್ನಾಗೇನೂ ಬಾರಿಸಲ್ಲ. ಆದರೆ ಮಜಾ ಇದೆ, ನಾನೂ ಸೇರುತ್ತೇನೆ.

ಈ ಜಾಗದಲ್ಲಿ ನಿಮ್ಮ ಮುಖದ ಮೇಲೆ ನಗು ಬಂತಾ ನೋಡಿಕೊಳ್ಳಿ. ಬಂದಿದ್ದರೆ ಮುಂದಕ್ಕೆ ಹೋಗಬಹುದು. ಸಂಗೀತದ ಬಗ್ಗೆ ಇರುವ ಬೇರೆ ಯಾವುದೇ ಕತೆಯಲ್ಲಿ ಈ ಕ್ಷಣಕ್ಕೆ ಹುಡುಗಿಗೆ ರೋಮಾಂಚನವಾಗಿ, ಬೆಳಕು ಚೆಲ್ಲಿ, ಕನಸು ಹುಟ್ಟಬೇಕಿತ್ತು. ಇಲ್ಲಿ ಒಂದು ಸಾಧಾರಣ ಹಾಡು, ಒಂದು ಮುಲಾಜಿಲ್ಲದ ಮಾತು, ಒಂದು ಸದಸ್ಯತ್ವ. ನಾವು ಗೆಲ್ಲುವವರ ಕತೆ ಹೇಳುತ್ತಿಲ್ಲ ಅಂತ ಸರಣಿ ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡುತ್ತದೆ. ಎರಡನೇ ಎಪಿಸೋಡಿನಲ್ಲಿ ಯೂಯಿ ಕಣ್ಣು ಹಾಕುವ ಗಿಟಾರಿಗೆ 2,50,000 ಯೆನ್ ಬೆಲೆ, ಅದಕ್ಕಾಗಿ ನಾಲ್ವರೂ ರಸ್ತೆ ಬದಿಯಲ್ಲಿ ಕೂತು ಓಡಾಡುವ ವಾಹನ ಎಣಿಸುವ ಪಾರ್ಟ್‌ಟೈಮ್ ಕೆಲಸ ಮಾಡುತ್ತಾರೆ, ಕಡೆಗೆ ಅದು 50,000ಕ್ಕೆ ಸಿಗುವುದು ದುಡಿಮೆಯಿಂದಲ್ಲ, ಆ ಅಂಗಡಿ ಮುಗಿಯ ಅಪ್ಪನ ಕಂಪನಿಯದ್ದು ಅಂತ ಗೊತ್ತಾಗಿ. ಬೆವರು ಸುರಿಸಿ ಗೆಲ್ಲುವ ಕತೆಯೇ ಬೇಕು ಅನ್ನುವವರಿಗೆ ಇಲ್ಲಿ ಮೈ ಉರಿಯುತ್ತದೆ. ಉರಿದರೆ ತಪ್ಪಿಲ್ಲ, ಅದೂ ಒಂದು ಉತ್ತರವೇ.

ಎಪಿಸೋಡನ್ನು ಇನ್ನೊಂದು ಸಲ, ದನಿ ಕಡಿಮೆ ಮಾಡಿ, ಕಾಲುಗಳನ್ನು ಮಾತ್ರ ನೋಡಿ. ತಮಾಷೆ ಮಾಡುತ್ತಿಲ್ಲ. ಯಾಮಾದಾ ಮುಖದ ಬದಲು ಕಾಲು ತೋರಿಸುವುದಕ್ಕೆ ಹೆಸರಾದ ನಿರ್ದೇಶಕಿ. ನಾಚಿಕೆ ಸ್ವಭಾವದ ಮಿಯೋಳ ಕಾಲಿನಲ್ಲಿ ಅವಳ ನಾಚಿಕೆ ಇದೆ, ರಿತ್ಸು ಕೂರುವ ರೀತಿಯಲ್ಲೇ ಅವಳ ಉಡಾಫೆ ಇದೆ. ಕೈಗಳೂ ಅಷ್ಟೇ. ಮಿಯೋ ಎಡಗೈಯವಳು, ಅವಳ ಬೇಸ್ ಗಿಟಾರೂ ಎಡಗೈಯದ್ದೇ. ಆ ರೂಮಿಗೆ ಹೋಗುವ ಮೆಟ್ಟಿಲಿನ ಪಕ್ಕದ ಹಿಡಿಗಂಬಿಯ ಮೇಲೆ ಆಮೆ, ಮೊಲದ ಪುಟ್ಟ ಬೊಂಬೆಗಳಿವೆ. ಶಿಗಾ ಪ್ರಾಂತ್ಯದ ತೊಯೊಸಾತೊ ಎಂಬ ಊರಿನ ಹಳೆಯ ಪ್ರಾಥಮಿಕ ಶಾಲೆಯಲ್ಲಿ ನಿಜವಾಗಿಯೂ ಅಂಥ ಮೆಟ್ಟಿಲಿದೆ, 1937ರಲ್ಲಿ ಕಟ್ಟಿದ ಕಟ್ಟಡ, ಅಭಿಮಾನಿಗಳು ಈಗಲೂ ಹೋಗಿ ನೋಡಿ ಬರುತ್ತಾರೆ. ಇಷ್ಟು ಅಕ್ಕರೆಯಿಂದ ಒಂದು ಮೆಟ್ಟಿಲು ಬಿಡಿಸಿದ್ದಾರೆ ಅಂದರೆ ಆ ಸರಣಿಗೆ ಜಾಗದ ಮೇಲೆ ಪ್ರೀತಿ ಇದೆ ಅಂತ ಅರ್ಥ. ಬೇರೆ ಯಾವ ಸರಣಿ ನೋಡುವಾಗಲೂ ಇದನ್ನು ಗಮನಿಸಿ. ಕ್ಲಾಸ್‌ರೂಮ್ ಅಲ್ಲಿ ಕೂರುವ ಜಾಗವೋ, ಬರೀ ಹಿನ್ನೆಲೆಯ ಪರದೆಯೋ? ಬೆಂಚಿನ ಮೇಲೆ ಯಾರದ್ದಾದರೂ ಸಾಮಾನು ಇದೆಯೇ? ಮಾತಾಡದ ಹುಡುಗರು ಹಿಂದೆ ಏನಾದರೂ ಮಾಡುತ್ತಿದ್ದಾರೆಯೇ, ಇಲ್ಲ ಗೊಂಬೆಗಳ ಹಾಗೆ ನಿಂತಿದ್ದಾರೆಯೇ?

ನಗು ನಿಮ್ಮದಾ ಅಲ್ವಾ ಅಂತ ನೋಡಿ

ಇಂಥ ಎಷ್ಟೋ ಸರಣಿಗಳ ಮೂಲ ನಾಲ್ಕು ಚೌಕದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಮೇಲಿಂದ ಕೆಳಗೆ ನಾಲ್ಕು ಚಿತ್ರ, ನಾಲ್ಕನೆಯದರಲ್ಲಿ ಚುಟುಕು ನಗು, ಮತ್ತೆ ಹೊಸದು. ಕೆ-ಆನ್ ಹಾಗೆ ಬಂದದ್ದು, 2002ರ ಅಝುಮಾಂಗಾ ದಾಯೋ ಹಾಗೆ ಬಂದದ್ದು, 2007ರ ಲಕ್ಕಿ ಸ್ಟಾರ್ ಕೂಡ. ಅನಿಮೆ ಮಾಡುವವರು ಈ ಚುಟುಕುಗಳನ್ನು ಪೋಣಿಸಿ ಎಪಿಸೋಡ್ ಮಾಡುತ್ತಾರೆ, ದಾರ ಎಷ್ಟು ಕಾಣಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಕೆ-ಆನ್‌ನಲ್ಲಿ ದಾರವೇ ಕಾಣುವುದಿಲ್ಲ. ಲಕ್ಕಿ ಸ್ಟಾರ್‌ನಲ್ಲಿ ಮುಚ್ಚಿಡುವ ಗೋಜಿಗೇ ಹೋಗಿಲ್ಲ. ಅದರ ಮೊದಲ ಎಪಿಸೋಡಿನ ಶುರುವಿನಲ್ಲೇ ಹುಡುಗಿಯರು, ಶಂಖದ ಆಕಾರದ ಚಾಕೊಲೇಟ್ ಬನ್ನನ್ನು ಯಾವ ತುದಿಯಿಂದ ತಿನ್ನಬೇಕು ಅಂತ ಚರ್ಚೆ ಮಾಡುತ್ತಾರೆ. ಮಾಡುತ್ತಾರೆ, ಮಾಡುತ್ತಾರೆ, ಮಾಡುತ್ತಲೇ ಇರುತ್ತಾರೆ. ನೋಡುವವನ ತಾಳ್ಮೆ ಹರಿಯುವ ತನಕ ಎಳೆದು, ಅದರ ನಂತರವೂ ಎಳೆಯುವುದೇ ಅಲ್ಲಿಯ ಜೋಕ್. ಒಬ್ಬರಿಗೆ ಇದು ಅಸಹ್ಯ ಬೋರು, ಇನ್ನೊಬ್ಬರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮಧ್ಯದಲ್ಲಿ ಇರುವವರನ್ನು ನಾನಂತೂ ನೋಡಿಲ್ಲ.

ಅಂದ ಹಾಗೆ, ಲಕ್ಕಿ ಸ್ಟಾರ್‌ಗೆ ಮೊದಲ ನಾಲ್ಕು ಎಪಿಸೋಡ್ ಆದ ಮೇಲೆ ನಿರ್ದೇಶಕರನ್ನೇ ಬದಲಾಯಿಸಿದರು. 24 ಎಪಿಸೋಡಿನ ಸರಣಿಯ ಬಗ್ಗೆ ಬನ್ ಒಂದನ್ನೇ ನೋಡಿ ತೀರ್ಪು ಕೊಟ್ಟವರು, ಐದರಿಂದ ಆಚೆಗೆ ಇನ್ನೊಬ್ಬರ ಕೈ ಇದೆ ಅನ್ನುವುದನ್ನು ತಿಳಿದಿರಲಿ.

ನಿಚಿಜೋ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಚಿಕ್ಕ ವಿಷಯಕ್ಕೆ ಯುದ್ಧದಷ್ಟು ಅನಿಮೇಷನ್ ಸುರಿಯುತ್ತಾರೆ. ಡಬ್ಬಿಯಿಂದ ಜಾರಿದ ಒಂದು ಸಾಸೇಜ್ ತುಂಡು ನೆಲಕ್ಕೆ ಬೀಳದ ಹಾಗೆ ಹಿಡಿಯುವುದು ಅಲ್ಲಿ ಮಹಾಭಾರತ. ಹೆಡ್‌ಮಾಸ್ಟರ್ ಅಂಗಳದಲ್ಲಿ ಜಿಂಕೆಯ ಜೊತೆ ಕುಸ್ತಿ ಆಡುತ್ತಾರೆ. ಯಾಕೆ ಅಂತ ಕೇಳಿದರೆ ಅದು ನಿಮ್ಮ ಸರಣಿ ಅಲ್ಲ.

ನೊನ್ ನೊನ್ ಬಿಯೊರಿಯಲ್ಲಿ ನಗುವಿಗಿಂತ ಮೊದಲು ವೇಗದ ಪರೀಕ್ಷೆ. ಮೊದಲ ಎಪಿಸೋಡ್ ಶುರುವಾದಾಗ ಮಾತಿಲ್ಲ. ಬೆಟ್ಟ, ಗದ್ದೆ, ನೀರು, ಒಂದನೇ ಕ್ಲಾಸಿನ ರೆಂಗೆ ಎಂಬ ಪುಟ್ಟಿ ಕೊಳಲಿನಂಥ ರೆಕಾರ್ಡರ್ ಊದುತ್ತಾ ಹೋಗುತ್ತಿದ್ದಾಳೆ. ಕ್ಯಾಮೆರಾ ಗದ್ದೆಯ ಮೇಲೆ ನಿಂತರೆ ನಿಂತೇ ಇರುತ್ತದೆ. ಟೋಕಿಯೊದಿಂದ ಹೊಸಬಳೊಬ್ಬಳು ಬಂದು ಸೇರುತ್ತಾಳೆ, ಅವಳೂ ಸೇರಿ ಇಡೀ ಶಾಲೆಗೆ ಐದೇ ಮಕ್ಕಳು, ಒಂದೇ ರೂಮು, ಟೀಚರ್ ಆಗಾಗ ನಿದ್ದೆ ಹೋಗುತ್ತಾರೆ, ಆ ಟೀಚರ್ ರೆಂಗೆಯ ಸ್ವಂತ ಅಕ್ಕ. ನಮ್ಮೂರು ಹಳ್ಳಿನಾ ಅಂತ ರೆಂಗೆಗೆ ಗಂಭೀರವಾದ ಅನುಮಾನ. ಮಲೆನಾಡಿನ ಒಳಗಿನ ಊರಿನಲ್ಲಿ, ಒಬ್ಬರೇ ಮೇಷ್ಟ್ರ ಶಾಲೆಯಲ್ಲಿ ಕಲಿತವರಿಗೆ ಇದರಲ್ಲಿ ಅರ್ಧದಷ್ಟನ್ನು ಯಾರೂ ವಿವರಿಸಬೇಕಿಲ್ಲ. ಮೊದಲ ಐದು ನಿಮಿಷದಲ್ಲಿ ನಿಮ್ಮ ಉಸಿರು ನಿಧಾನವಾಯಿತೋ, ಬೆರಳು ರಿಮೋಟ್ ಕಡೆ ಹೋಯಿತೋ, ಅಷ್ಟು ಸಾಕು, ಬೇರೆ ಯಾವ ಲೆಕ್ಕವೂ ಬೇಡ.

ಮೂರು ಎಪಿಸೋಡ್ ನಿಯಮ ಮತ್ತು ಬಿಡುವ ಧೈರ್ಯ

ಅನಿಮೆ ನೋಡುವವರಲ್ಲಿ 'ಮೂರು ಎಪಿಸೋಡ್ ನೋಡಿ ತೀರ್ಮಾನಿಸು' ಅನ್ನುವ ಮಾತಿದೆ. ಕತೆ ಮೂರನೆಯದರಲ್ಲಿ ತಿರುಗುವ ಸರಣಿಗಳಿಗೆ ಅದು ಸರಿ. ಸ್ಕೂಲ್ ಸ್ಲೈಸ್ ಆಫ್ ಲೈಫ್‌ನಲ್ಲಿ ಮೂರನೆಯದರಲ್ಲೂ ಏನೂ ತಿರುಗಲ್ಲ. ನನ್ನ ಪ್ರಕಾರ ಒಂದನ್ನು ಇವತ್ತು ನೋಡಿ, ಎರಡನೆಯದನ್ನು ಎರಡು ಮೂರು ದಿನ ಬಿಟ್ಟು. ಮಧ್ಯದ ದಿನಗಳಲ್ಲಿ ಆ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಸುಮ್ನೆ ನೆನಪಿಗೆ ಬಂದರಾ? ಹೆಸರು ಬೇಡ, ಆ ಟೀ ಕೊಡುವವಳು ಅಂತ ನೆನಪಾದರೂ ಸಾಕು. ಯಾರೂ ಬರಲಿಲ್ಲವೆಂದರೆ ಬಿಡಿ. ಇವು ವಾರಕ್ಕೊಂದರಂತೆ ಪ್ರಸಾರವಾಗಲೆಂದು ಮಾಡಿದವು. ಒಂದೇ ರಾತ್ರಿ ಹನ್ನೆರಡೂ ನುಂಗಿದರೆ ಎಲ್ಲ ಟೀ, ಎಲ್ಲ ಕೇಕ್ ಒಂದೇ ಆಗಿ, ನಾಲ್ಕನೆಯದರ ಹೊತ್ತಿಗೆ ಬಾಯಿ ಸಿಹಿಯಾಗಿ ಸಾಕಾಗುತ್ತದೆ.

ಪಾತ್ರಗಳು ಕಡಿಮೆ ಅನ್ನಿಸಿ ಬಿಡುವುದಾದರೆ ಸ್ವಲ್ಪ ತಡೆಯಿರಿ. ಕೆ-ಆನ್‌ನಲ್ಲಿ ಬಹಳ ಜನರಿಗೆ ಇಷ್ಟವಾಗುವ ಅಝುಸಾ ಬರುವುದು 8ನೇ ಎಪಿಸೋಡಿನಲ್ಲಿ, ಯಾಕೆಂದರೆ ಅವಳು ಜೂನಿಯರ್, ಮುಂದಿನ ಏಪ್ರಿಲ್ ಬರದೆ ಅವಳು ಶಾಲೆಗೇ ಸೇರುವಂತಿಲ್ಲ.

ಬಿಡಲು ನ್ಯಾಯವಾದ ಕಾರಣಗಳೂ ಇವೆ. ಕ್ಯಾಮೆರಾ ಹುಡುಗಿಯರ ಮೈಮೇಲೆ ಕಾರಣವಿಲ್ಲದೆ ಹರಿದಾಡುತ್ತಿದ್ದರೆ, ಮೊದಲ ಎಪಿಸೋಡಿನಲ್ಲೇ ಹಾಗೆ ಮಾಡುವವರು ಸಮುದ್ರ ತೀರದ ಎಪಿಸೋಡಿನಲ್ಲಿ ಇನ್ನೇನು ಮಾಡಬಹುದು ಯೋಚಿಸಿ. ಒಬ್ಬೊಬ್ಬರಿಗೆ ಒಂದೊಂದೇ ಗುಣ ಅಂಟಿಸಿ, ಅದನ್ನೇ ನಿಮಿಷಕ್ಕೊಮ್ಮೆ ಒತ್ತುತ್ತಿದ್ದರೆ, ಬಿಡಿ. ಎಲ್ಲರೂ ಕಿರುಚುತ್ತಲೇ ಇದ್ದರೂ ಅಷ್ಟೇ. ಕೆ-ಆನ್ ಕೂಡ ಪೂರ್ತಿ ಹಾಲು ಜೇನಲ್ಲ: ಸವಾಕೊ ಟೀಚರ್ ಮಿಯೋಗೆ ಬಲವಂತವಾಗಿ ವೇಷ ತೊಡಿಸಲು ಹೊರಡುವ ಜೋಕ್ ಪದೇ ಪದೇ ಬರುತ್ತದೆ, ನನಗೆ ಒಂದು ಸಲವೂ ನಗು ಬಂದಿಲ್ಲ.

ನಾಲ್ಕು ಸಾಲು ಬರೆಯುವುದಾದರೆ

ನೋಡಿದ ರಾತ್ರಿಯೇ ಬರೆಯಿರಿ, ಬೇರೆಯವರ ಅಭಿಪ್ರಾಯ ಓದುವ ಮುಂಚೆ. ಕತೆ ಹೇಳಬೇಡಿ, ಹೇಳಲು ಇಲ್ಲ ಕೂಡ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದೂ ಬೇಡ, ಒಂದೇ ಎಪಿಸೋಡಿಗೆ ಏಳು ಕೊಟ್ಟರೆ ಅದರಿಂದ ಓದುವವನಿಗೆ ಏನು ತಿಳಿಯಿತು? "ಪಾತ್ರಗಳು ಮುದ್ದಾಗಿವೆ, ಅನಿಮೇಷನ್ ಚೆನ್ನಾಗಿದೆ, ಫೀಲ್ ಗುಡ್" ಅನ್ನುವ ಸಾಲನ್ನು ಯಾವ ಸರಣಿಗೆ ಬೇಕಾದರೂ ಅಂಟಿಸಬಹುದು. ಅದರ ಬದಲು ಒಂದು ದೃಶ್ಯ ಹಿಡಿಯಿರಿ. ಹೀಗೆ:

"ಕೆ-ಆನ್, ಮೊದಲ ಎಪಿಸೋಡ್. ವಾಪಸ್ ಹೋಗಲು ಬಂದವಳಿಗೆ ಕೇಕ್ ತಿನ್ನಿಸಿ ಕೂರಿಸಿಕೊಳ್ಳುತ್ತಾರೆ. ಬಾರಿಸಿದ್ದು ಸುಮಾರಾಗಿತ್ತು, ಅದನ್ನು ಅವಳು ಮುಖಕ್ಕೇ ಹೇಳುತ್ತಾಳೆ, ಯಾರಿಗೂ ಬೇಜಾರಾಗಲ್ಲ. ಸಂಗೀತ ಕಡಿಮೆ, ಹರಟೆ ಜಾಸ್ತಿ. ಬ್ಯಾಂಡ್ ಕತೆ ಬೇಕಾದವರು ಬೇರೆ ನೋಡಿ, ಸಂಜೆ ಟೀ ಹೊತ್ತಿಗೆ ಜೊತೆ ಬೇಕಾದವರು ಇದನ್ನು."

ಇಷ್ಟರಲ್ಲಿ ಏನಿದೆ, ಏನಿಲ್ಲ, ಯಾರಿಗೆ ಹಿಡಿಸುತ್ತದೆ ಎಲ್ಲ ಬಂತು. ಇಷ್ಟವಾಗದಿದ್ದರೂ ಇದೇ ಕ್ರಮ, ಯಾವ ಜಾಗದಲ್ಲಿ ಮನಸ್ಸು ಬಿಟ್ಟುಹೋಯಿತು ಅಂತ ಆ ದೃಶ್ಯದ ಸಮೇತ ಬರೆಯಿರಿ. ಬಿಟ್ಟ ಸರಣಿಯ ಹೆಸರು, ಬಿಟ್ಟ ತಿಂಗಳು ಎರಡನ್ನೂ ಒಂದು ಕಡೆ ಗುರುತು ಹಾಕಿಕೊಳ್ಳಿ. ಪರೀಕ್ಷೆ, ಡೆಡ್‌ಲೈನ್ ಅಂತ ಒದ್ದಾಡುತ್ತಿದ್ದ ವಾರದಲ್ಲಿ ಬಿಟ್ಟದ್ದಾದರೆ ರಜೆ ಸಿಕ್ಕಾಗ ಎರಡನೇ ಎಪಿಸೋಡಿನಿಂದ ಇನ್ನೊಮ್ಮೆ ಹಾಕಿ ನೋಡಬಹುದು.